ಮೂಗಿನ ನಡುಗೋಡೆಯ ತೂತು ಮತ್ತು ಅದನ್ನು ಮುಚ್ಚುವ ಆಪರೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಬರುವವರು ಈ ತೊಂದರೆಯ ಬಗ್ಗೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಎಲ್ಲಕ್ಕೂ ಮೊದಲು ಒಂದು ಮಾತು. ತೂತು ಕಂಡ ಕೂಡಲೇ ಹೆಚ್ಚಿನವರು ಕೇಳುವುದು ‘ಮುಚ್ಚಾಕ ಬರ್ತದೇನ್ರಿ’ ಎಂದು. ನಾವು ಮೊದಲು ಹುಡುಕುವುದು ಅದು ಬಿದ್ದದ್ದು ಏಕೆ ಎಂಬುದನ್ನು. ಕಾರಣ ಹಾಗೇ ಉಳಿದರೆ ಎಷ್ಟೇ ಚೆನ್ನಾಗಿ ಮುಚ್ಚಿದ ತೂತೂ ಮತ್ತೆ ಬಾಯಿ ತೆರೆಯುತ್ತದೆ.

ಮೂಗಿನ್ಯಾಗ ತೂತು ಐತಿ ಅಂದ್ರು. ಮೂಗಿಗೆ ಎರಡು ತೂತು ಇದ್ದೇ ಇರ್ತಾವಲ್ರಿ, ಇದ್ಯಾವ ತೂತು?

ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆ. ಡಾಕ್ಟರು ಅದನ್ನೇ ಸೆಪ್ಟಮ್ ಎನ್ನುವುದು. ಅದರ ಮುಂಭಾಗ ಬಾಗುವಂಥ ಮೃದು ಎಲುಬು, ಹಿಂಭಾಗ ಗಟ್ಟಿ ಎಲುಬು. ಎರಡೂ ಬದಿಗೆ ಒದ್ದೆಯಾದ, ಕೆಂಪು ಒಳಪೊರೆ ಅಂಟಿಕೊಂಡಿರುತ್ತದೆ. ಈ ಗೋಡೆಯಲ್ಲಿ ಆರಪಾರ ತೂತಾದರೆ ಒಂದು ಹೊಳ್ಳೆಯ ಗಾಳಿ ಇನ್ನೊಂದಕ್ಕೆ ನುಗ್ಗುತ್ತದೆ. ಒಂದು ಹೊಳ್ಳೆಯಲ್ಲಿ ಬೆಳಕು ಬಿಟ್ಟರೆ ಇನ್ನೊಂದರಲ್ಲಿ ಕಾಣುತ್ತದೆ.

ಮೃದು ಎಲುಬಿಗೆ ಸ್ವಂತ ರಕ್ತನಾಳಗಳಿಲ್ಲ. ಅದು ಬದುಕುವುದೇ ಎರಡು ಬದಿಯ ಒಳಪೊರೆಯಿಂದ ಸಿಗುವ ಪೋಷಣೆಯಿಂದ. ಒಂದು ಬದಿಯ ಪೊರೆ ಹರಿದರೆ ಇನ್ನೊಂದು ಬದಿ ಅದನ್ನು ಸಾಕುತ್ತದೆ. ಎರಡೂ ಬದಿ ಎದುರುಬದುರಾಗಿ ಒಂದೇ ಜಾಗದಲ್ಲಿ ಹಾಳಾದರೆ ನಡುವಿನ ಎಲುಬು ಸತ್ತು ಕರಗುತ್ತದೆ, ತೂತು ಉಳಿಯುತ್ತದೆ. ಮುಂದೆ ಬರುವ ಹೆಚ್ಚಿನ ಉತ್ತರಗಳು ಈ ಒಂದು ಸಂಗತಿಯ ಮೇಲೆಯೇ ನಿಂತಿವೆ.

ಉಸಿರಾಡುವಾಗ ಮೂಗು ಸೀಟಿ ಹೊಡದಂಗ ಆಗ್ತದ. ಅದೂ ಇದರಿಂದನಾ?

ಆಗಿರಬಹುದು. ಸಣ್ಣ ತೂತಿನ ಲಕ್ಷಣವೇ ಸೀಟಿ. ರಾತ್ರಿ ಮನೆ ಶಾಂತವಾದಾಗ ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ. ತೂತು ದೊಡ್ಡದಾದಂತೆ ಸೀಟಿ ನಿಲ್ಲುತ್ತದೆ, ಕಡಿಮೆಯಾಯಿತೆಂದು ರೋಗಿ ಸಮಾಧಾನಪಡುತ್ತಾರೆ. ಆದರೆ ಆಗ ಬೇರೆ ಕಾಟ ಶುರುವಾಗುತ್ತದೆ. ಮೂಗು ಒಣಗುತ್ತದೆ, ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ಕಿತ್ತರೆ ರಕ್ತ ಬರುತ್ತದೆ, ವಾಸನೆ ಹೊಡೆಯುತ್ತದೆ, ದಾರಿ ಅಗಲವಾಗಿದ್ದರೂ ಮೂಗು ಕಟ್ಟಿದಂತೆ ಅನಿಸುತ್ತದೆ. ಗಾಳಿ ಸರಾಗವಾಗಿ ಸಾಗದೆ ತೂತಿನ ಅಂಚಿಗೆ ಬಡಿದು ಸುತ್ತು ತಿರುಗುವುದೇ ಇದಕ್ಕೆ ಕಾರಣ.

ತೀರಾ ಹಿಂದೆ ಇರುವ ತೂತುಗಳು ಅನೇಕ ಸಲ ಏನೂ ತೊಂದರೆ ಕೊಡುವುದಿಲ್ಲ. ಅಲ್ಲಿಗೆ ತಲುಪುವಷ್ಟರಲ್ಲಿ ಗಾಳಿ ಬೆಚ್ಚಗಾಗಿ, ತೇವಗೊಂಡಿರುತ್ತದೆ. ಬೇರೆ ಯಾವುದಕ್ಕೋ ದುರ್ಬೀನು (ಎಂಡೋಸ್ಕೋಪ್) ಹಾಕಿ ನೋಡಿದಾಗ ಇಂಥವು ಕಣ್ಣಿಗೆ ಬೀಳುತ್ತವೆ.

ನಂಗ್ಯಾಕ ಬಂತು? ನಾನೇನೂ ಮಾಡಿಲ್ಲಲ್ರಿ.

ಅತಿ ಸಾಮಾನ್ಯ ಕಾರಣಗಳಲ್ಲಿ ಮೊದಲನೆಯದು ಹಿಂದೆ ಆದ ಮೂಗಿನ ಆಪರೇಷನ್. ‘ಎಲುಬು ಸೊಟ್ಟ ಐತಿ’, ‘ಎಲುಬು ಬೆಳದೈತಿ’ ಎಂದು ಮಾಡಿಸಿಕೊಂಡ ಆಪರೇಷನ್‌ನಲ್ಲಿ ಎರಡೂ ಬದಿಯ ಪೊರೆ ಎದುರುಬದುರಾಗಿ ಹರಿದರೆ ತೂತು ಬೀಳಬಹುದು. ಪಳಗಿದ ಕೈಯಲ್ಲೂ ಇದು ಆಗಬಹುದಾದ, ಎಲ್ಲರಿಗೂ ಗೊತ್ತಿರುವ ಅಪಾಯ. ಹಳೆಯ ಡಿಸ್ಚಾರ್ಜ್ ಕಾರ್ಡು ಇದ್ದರೆ ಹುಡುಕಿ ತನ್ನಿ. ಎಷ್ಟು ಎಲುಬು ತೆಗೆದಿದ್ದಾರೆ ಎಂಬುದು ಮುಂದಿನ ಆಪರೇಷನ್‌ಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಬೆರಳು. ಗೋಡೆಯ ಮುಂಭಾಗದಲ್ಲಿ ಲಿಟಲ್ಸ್ ಏರಿಯಾ ಎಂಬ ಜಾಗವಿದೆ, ಹಲವು ರಕ್ತನಾಳಗಳು ಅಲ್ಲಿ ಕೂಡುತ್ತವೆ. ಮೂಗಿನಿಂದ ಬರುವ ಹೆಚ್ಚಿನ ರಕ್ತ ಅಲ್ಲಿಂದಲೇ, ಉಗುರು ಸುಲಭವಾಗಿ ತಲುಪುವುದೂ ಅಲ್ಲಿಗೇ. ಒಣ ಹವೆಯಲ್ಲಿ ಹಕ್ಕಳೆ ಕಟ್ಟುತ್ತದೆ, ಕೈ ತಾನಾಗಿ ಹೋಗುತ್ತದೆ, ಗಾಯ ಆಗುತ್ತದೆ, ಆ ಗಾಯದ ಮೇಲೆ ಇನ್ನೂ ದಪ್ಪ ಹಕ್ಕಳೆ. ವರ್ಷಗಟ್ಟಲೆ ಹೀಗೆ ನಡೆದರೆ ಗೋಡೆ ಸವೆದು ತೂತಾಗುತ್ತದೆ. ಇದನ್ನು ಹೇಳಲು ರೋಗಿಗಳು ನಾಚುತ್ತಾರೆ. ನಾಚುವ ಅಗತ್ಯವಿಲ್ಲ, ಹೇಳದಿದ್ದರೆ ಬೇಡದ ಪರೀಕ್ಷೆಗಳೆಲ್ಲ ಆಗುತ್ತವೆ.

ಮೂಗಿನ ರಕ್ತ ನಿಲ್ಲಿಸಲು ಎರಡೂ ಬದಿ ಒಂದೇ ಜಾಗದಲ್ಲಿ ಒಂದೇ ದಿನ ಸುಟ್ಟರೂ ಹೀಗಾಗಬಹುದು. ಹಾಗಾಗಿ ಎರಡನೆಯ ಬದಿಗೆ ಕೆಲವು ವಾರ ಬಿಟ್ಟು ಮಾಡುವುದು ಒಳ್ಳೆಯದು. ಕಟ್ಟಿದ ಮೂಗು ಬಿಡಿಸುವ ಹನಿಗಳನ್ನು ವಾರ ದಾಟಿ ತಿಂಗಳುಗಟ್ಟಲೆ ಹಾಕುವುದು, ಅಲರ್ಜಿಯ ಸ್ಟೀರಾಯ್ಡ್ ಸ್ಪ್ರೇಯನ್ನು ನೇರ ನಡುಗೋಡೆಗೆ ಹೊಡೆಯುವುದು ಸಹ ಪೊರೆಗೆ ಕೇಡು. ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಹೊಡೆಯಿರಿ. ಆಗ ಮೊನೆ ತಾನಾಗಿ ಕಣ್ಣಿನ ಹೊರಮೂಲೆಯ ಕಡೆ ತಿರುಗುತ್ತದೆ.

ಮೂಗಿಗೆ ಬಿದ್ದ ಪೆಟ್ಟಿನ ವಿಷಯ ಬೇರೆಯಾಗಿ ಹೇಳಬೇಕು. ಕುಸ್ತಿ, ಕಬಡ್ಡಿ ಆಡುವಾಗ ಅಥವಾ ಬೈಕ್ ಮೇಲಿಂದ ಬಿದ್ದು ಮೂಗಿಗೆ ಪೆಟ್ಟಾದಾಗ ಪೊರೆ ಮತ್ತು ಎಲುಬಿನ ನಡುವೆ ರಕ್ತ ಹೆಪ್ಪುಗಟ್ಟಬಹುದು. ಹೊರಗೆ ಒಂದು ಹನಿ ರಕ್ತವೂ ಕಾಣದೆ, ಎರಡೂ ಹೊಳ್ಳೆ ಕಟ್ಟಿ, ಒಳಗೆ ಮೆತ್ತನೆಯ ಕೆಂಪು ಉಬ್ಬು ಕಂಡರೆ ಅದು ತುರ್ತು. ಅದೇ ದಿನ ಅಥವಾ ಮರುದಿನ ಆ ರಕ್ತ ಹೊರಗೆ ತೆಗೆಯಲೇಬೇಕು. ಬಿಟ್ಟರೆ ಎಲುಬು ಸಾಯುತ್ತದೆ, ಕೀವಾಗುತ್ತದೆ, ಮೂಗಿನ ದಿಂಡು ಕುಸಿಯುತ್ತದೆ. ‘ಬಾವು ಇಳೀಲಿ, ಆಮ್ಯಾಲೆ ತೋರಸೋಣ’ ಎಂದು ಮನೆಯಲ್ಲಿ ಕೂರಿಸುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನು ಕೆಲಸದ ಜಾಗ. ಕ್ರೋಮ್ ಪ್ಲೇಟಿಂಗ್ (ಲೋಹಕ್ಕೆ ಕ್ರೋಮ್ ಲೇಪ ಹಾಕುವ) ಟಾಕಿಯಿಂದ ಏಳುವ ಕ್ರೋಮಿಕ್ ಆಮ್ಲದ ಆವಿ ಮೂಗಿನ ಗೋಡೆಯನ್ನು ತಿನ್ನುತ್ತದೆ. ಆ ಆಮ್ಲ ತಾಗಿದ ಕೈಯಿಂದ ಮೂಗು ಒರೆಸಿಕೊಂಡರೆ ಇನ್ನೂ ಬೇಗ. ನೋವೇ ಇಲ್ಲದೆ ತೂತು ಬೀಳುವುದರಿಂದ ಕೆಲಸಗಾರನಿಗೆ ಗೊತ್ತಾಗುವುದೇ ತಡವಾಗಿ. ಗೋಕುಲ ರಸ್ತೆ, ತಾರಿಹಾಳದಂಥ ಕೈಗಾರಿಕಾ ವಸಾಹತುಗಳಲ್ಲಿ ಪ್ಲೇಟಿಂಗ್ ಕೆಲಸ ಮಾಡುವವರು ಮೂಗಿನಲ್ಲಿ ಹಕ್ಕಳೆ, ರಕ್ತ ಕಂಡರೆ ಕೆಲಸದ ವಿವರವನ್ನು ಡಾಕ್ಟರಿಗೆ ಹೇಳಲೇಬೇಕು. 1948ರ ಕಾರ್ಖಾನೆ ಕಾಯ್ದೆಯ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿಯೇ ಕ್ರೋಮ್ ಹುಣ್ಣು ಸೇರಿತ್ತು. ಅಂದರೆ ಇದು ನಿಮ್ಮ ಹಣೆಬರಹವಲ್ಲ, ತಡೆಯಬಹುದಾದ ರೋಗ. ಟಾಕಿಯ ಮೇಲೆ ಆವಿ ಎಳೆಯುವ ಫ್ಯಾನು, ಮಾಸ್ಕು, ಕೈಗವಸು ಕೇಳುವುದು ನಿಮ್ಮ ಹಕ್ಕು. ಇಎಸ್‌ಐ ಕಾರ್ಡು ಇದ್ದರೆ ಮೊದಲ ದಿನವೇ ತೋರಿಸಿ.

ಕೊನೆಗೆ ರೋಗಗಳು. ಕ್ಷಯ, ಕುಷ್ಠ, ಸಿಫಿಲಿಸ್, ಮೂಗಿನ ಫಂಗಸ್, ಮೈಯ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಬರುವ ವೆಗೆನರ್ಸ್ ಕಾಯಿಲೆ, ಲೂಪಸ್, ಸಾರ್ಕಾಯ್ಡ್, ಅಪರೂಪಕ್ಕೆ ಒಂದು ಜಾತಿಯ ಲಿಂಫೋಮಾ ಕ್ಯಾನ್ಸರ್. ಕೊಕೇನ್ ಎಳೆಯುವುದರಿಂದಲೂ ಗೋಡೆ ಕರಗುತ್ತದೆ. ಹಾಗಿದ್ದರೆ ಮನೆಯವರನ್ನು ಹೊರಗೆ ಕೂರಿಸಿ ಡಾಕ್ಟರಿಗೆ ಹೇಳಿ, ಅದು ಅಲ್ಲೇ ಉಳಿಯುತ್ತದೆ.

ಬ್ಯಾಡಗಿ ಮಾರ್ಕೆಟ್‌ನ್ಯಾಗ ಹಮಾಲಿ ಮಾಡ್ತೀನ್ರಿ. ಮೆಣಸಿನಕಾಯಿ ಧೂಳಿನಿಂದ ಆಗಿರಬಹುದಾ?

ಮೆಣಸಿನಕಾಯಿ ಧೂಳು ಒಂದೇ ತೂತು ಮಾಡಿತು ಎಂದು ನಾನು ಹೇಳುವುದಿಲ್ಲ. ಆದರೆ ಧೂಳಿನಿಂದ ಉರಿ, ಉರಿಯಿಂದ ಸೀನು, ಸೀನಿನಿಂದ ಹಕ್ಕಳೆ ಮತ್ತು ರಕ್ತ, ಆಮೇಲೆ ಬೆರಳು. ಈ ಸರಪಳಿಯಲ್ಲಿ ಧೂಳು ಮೊದಲ ಕೊಂಡಿ. ಟಾವೆಲ್ ಸುತ್ತಿಕೊಳ್ಳುವುದರಿಂದ ಸಣ್ಣ ಧೂಳು ನಿಲ್ಲುವುದಿಲ್ಲ, ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ಕೆಲಸ ಮುಗಿದ ಮೇಲೆ ಉಪ್ಪುನೀರಿನಿಂದ ಮೂಗು ತೊಳೆಯಬೇಕು. ಆಪರೇಷನ್ ಮಾಡಿಸುವುದಾದರೆ ಮಾರ್ಕೆಟ್‌ಗೆ ಮಾಲು ಬರುವ ಸುಗ್ಗಿ ಮುಗಿದ ಮೇಲೆ ಮಾಡಿಸಿ. ಹೊಸ ಹೊಲಿಗೆ ಇರುವ ಮೂಗಿಗೆ ಆ ಸೀನು ತಡೆಯಲಾಗದು. ನಶ್ಯ ಏರಿಸುವವರಿಗೂ ಇದೇ ಮಾತು, ಅದನ್ನು ಬಿಟ್ಟು ಬನ್ನಿ.

ಮೂಗು ಚುಚ್ಚಿಸಿದ್ದಕ್ಕ ಹಿಂಗಾಯ್ತಾ?

ಮೂಗುಬಟ್ಟು, ನತ್ತು ಹಾಕುವುದು ಹೊಳ್ಳೆಯ ಹೊರಗೋಡೆಗೆ. ನಡುಗೋಡೆಗೂ ಅದಕ್ಕೂ ಸಂಬಂಧವಿಲ್ಲ. ಬುಲಾಕು ನಡುವೆ ಬರುತ್ತದೆ, ಆದರೆ ಸರಿಯಾಗಿ ಚುಚ್ಚಿದರೆ ಅದು ಎಲುಬಿನ ಮುಂದಿರುವ ಮೆತ್ತನೆಯ ಚರ್ಮದ ಭಾಗದಲ್ಲಿರುತ್ತದೆ. ಎಲುಬಿಗೇ ಚುಚ್ಚಿ ಕೀವಾದರೆ ಮಾತ್ರ ಅಪಾಯ.

ಒಂದ್ ತೂತಿಗೆ ಇಷ್ಟ್ಯಾಕ್ರಿ ಟೆಸ್ಟು? ರಕ್ತ, ಎಕ್ಸ್-ರೇ, ಸಿಟಿ, ಮ್ಯಾಲೆ ತುಣುಕು ಬ್ಯಾರೆ ತಗೀತೀವಿ ಅಂತಾರ.

ಹಳೆಯ ಆಪರೇಷನ್ ಆಗಿದೆ, ಅಂಚು ಒಣಗಿ ನುಣುಪಾಗಿದೆ ಎಂದರೆ ಇಷ್ಟೆಲ್ಲ ಬೇಕಾಗುವುದಿಲ್ಲ. ಕಾರಣವೇ ಸಿಗದಿದ್ದಾಗ, ಅಂಚು ಹಸಿಯಾಗಿ, ಗುಳ್ಳೆಗುಳ್ಳೆಯಾಗಿ, ಬೆಳೆಯುತ್ತಿರುವಂತೆ ಕಂಡಾಗ ಬೇಕೇ ಬೇಕು. ಮೊದಲು ಹಕ್ಕಳೆಯನ್ನು ನೆನೆಸಿ ತೆಗೆದು, ದುರ್ಬೀನಿನಿಂದ ಅಂಚನ್ನು ಸುತ್ತಲೂ ನೋಡುತ್ತೇವೆ. ಚೆನ್ನಾಗಿ ಮಾಯ್ದ ತೂತಿನ ಅಂಚಿಗೆ ಕೆಂಪು ಪೊರೆ ಮಡಚಿ ಹೊದ್ದುಕೊಂಡಿರುತ್ತದೆ. ಮಾಯದ ತೂತಿನಲ್ಲಿ ಹಕ್ಕಳೆಯ ಕೆಳಗೆ ಬರಿಯ ಬಿಳಿ ಎಲುಬು ಹಣಕುತ್ತದೆ. ಈ ಒಂದು ನೋಟವೇ ಅರ್ಧ ಉತ್ತರ.

ತುಣುಕನ್ನು ಅನುಮಾನ ಇರುವ ಕಡೆಯಿಂದ, ಆದಷ್ಟು ಹಿಂದಿನ ಅಂಚಿನಿಂದ ತೆಗೆಯುತ್ತಾರೆ. ತೂತಿನ ಎತ್ತರ ಹೆಚ್ಚಬಾರದು ಎಂಬುದಕ್ಕೆ ಹೀಗೆ. ವೆಗೆನರ್ಸ್ ಅನುಮಾನಕ್ಕೆ ಆ್ಯಂಕಾ ಎಂಬ ರಕ್ತಪರೀಕ್ಷೆ ಮತ್ತು ಮೂತ್ರ ಪರೀಕ್ಷೆ, ಏಕೆಂದರೆ ಆ ಕಾಯಿಲೆ ಮೂಗಿನಲ್ಲಿ ಶುರುವಾಗಿ ಶ್ವಾಸಕೋಶ, ಮೂತ್ರಪಿಂಡಕ್ಕೆ ಹೋಗಬಹುದು. ಮೂಗು ತೋರಿಸಲು ಬಂದವರ ಮೂತ್ರಪಿಂಡ ಸಮಯಕ್ಕೆ ಉಳಿಯುವುದು ಈ ಟೆಸ್ಟಿನಿಂದ. ಕುಷ್ಠರೋಗವನ್ನು ದೇಶಮಟ್ಟದಲ್ಲಿ 10,000 ಜನರಿಗೆ ಒಂದಕ್ಕಿಂತ ಕೆಳಗೆ ಇಳಿಸಿದ್ದು 2005ರ ಕೊನೆಗೆ, ಆದರೆ ಹೊಸ ರೋಗಿಗಳು ಇಂದಿಗೂ ಸಿಗುತ್ತಾರೆ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ತೋರಿಸಿ. ಅದಕ್ಕೂ ಕ್ಷಯಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಎರಡೂ ಗುಣವಾಗುತ್ತವೆ.

ತಾನಾಗೇ ಮುಚ್ಚಂಗಿಲ್ಲೇನು?

ಇಲ್ಲ. ಅಂಚಿಗೆ ಪೊರೆ ಬೆಳೆದ ಮೇಲೆ ಅದು ಶಾಶ್ವತ ಕಿಟಕಿ. ಹಾಗೆಂದು ತಾನಾಗಿ ಹಿಗ್ಗುತ್ತಲೇ ಹೋಗುತ್ತದೆ ಎಂಬ ಭಯವೂ ಬೇಡ. ಹಿಗ್ಗುವುದು ಹಕ್ಕಳೆ ಕಿತ್ತಾಗ ಅಥವಾ ಒಳಗಿನ ರೋಗ ಇನ್ನೂ ಜೀವಂತ ಇದ್ದಾಗ.

ಹಂಗಾದ್ರ ಆಪರೇಷನ್ ಮಾಡಿಸ್ಲೇಬೇಕಾ?

ಬೇಕಾಗಿಲ್ಲ. ತೊಂದರೆಯೇ ಇಲ್ಲದ ತೂತಿಗೆ ಆಪರೇಷನ್ ಮಾಡುವುದಿಲ್ಲ. ತೊಂದರೆ ಇದ್ದವರಲ್ಲೂ ಅನೇಕರಿಗೆ ಮೂಗು ತೊಳೆಯುವುದು ಮತ್ತು ಮುಲಾಮು, ಇವೆರಡೇ ಸಾಕಾಗುತ್ತವೆ. ಆಪರೇಷನ್ ಕೋಣೆಗೆ ಕರೆದೊಯ್ಯುವ ಮುಂಚೆ ಎರಡು-ಮೂರು ತಿಂಗಳು ಇದನ್ನು ನಿಷ್ಠೆಯಿಂದ ಮಾಡಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಒಂದು ಲೀಟರ್ ನೀರನ್ನು ಕುದಿಸಿ ಆರಿಸಿ, ಅದಕ್ಕೆ ಸಪಾಟಾಗಿ ಒಂದೂವರೆ ಟೀ ಚಮಚ ಉಪ್ಪು, ಚಿಟಿಕೆ ತಿನ್ನುವ ಸೋಡಾ ಹಾಕಿ. ಉಗುರು ಬೆಚ್ಚಗಿರುವಾಗ ಸೂಜಿ ಇಲ್ಲದ ದೊಡ್ಡ ಸಿರಿಂಜ್‌ನಿಂದ, ಮುಂದಕ್ಕೆ ಬಗ್ಗಿ, ಬಾಯಿ ತೆರೆದುಕೊಂಡು ಎರಡೂ ಹೊಳ್ಳೆ ತೊಳೆಯಿರಿ, ದಿನಕ್ಕೆ ಎರಡು-ಮೂರು ಸಲ. ನೀರು ಕುದಿಸುವುದನ್ನು ಮಾತ್ರ ತಪ್ಪಿಸಬೇಡಿ. ಹಲವು ದಿನಕ್ಕೊಮ್ಮೆ ನಳ ಬರುವ, ಟ್ಯಾಂಕಿನಲ್ಲಿ ನೀರು ತುಂಬಿಟ್ಟುಕೊಳ್ಳುವ ಊರು ನಮ್ಮದು. ನಿಂತ ನೀರಿನಲ್ಲಿ ಬದುಕುವ ಒಂದು ಅಮೀಬಾ ಮೂಗಿನಿಂದ ಮಿದುಳಿಗೆ ಏರಬಲ್ಲದು. ಅಪರೂಪ, ಆದರೆ ಬಂದರೆ ಜೀವ ಉಳಿಯುವುದು ಕಷ್ಟ. ಉಳಿದ ಉಪ್ಪುನೀರನ್ನು ಮರುದಿನಕ್ಕೆ ಇಡಬೇಡಿ.

ತೊಳೆದ ಮೇಲೆ ವ್ಯಾಸಲೀನ್ ಅಥವಾ ಡಾಕ್ಟರು ಬರೆದ ಮುಲಾಮು, ಕಾಳಿನಷ್ಟು, ಹೊಳ್ಳೆಯ ಒಳ ಅಂಚಿಗೆ.

ಕೊಬ್ಬರಿ ಎಣ್ಣಿ, ತುಪ್ಪ ಬಿಡಬಹುದಾ?

ಬೆರಳ ತುದಿಗೆ ಹಚ್ಚಿ ಮುಂಭಾಗಕ್ಕೆ ಸವರಿದರೆ ಅಡ್ಡಿಯಿಲ್ಲ. ಮಲಗಿಕೊಂಡು ಹನಿಹನಿಯಾಗಿ ಒಳಗೆ ಬಿಡಬೇಡಿ. ಎಣ್ಣೆ ಹಿಂದಕ್ಕೆ ಜಾರಿ ಶ್ವಾಸಕೋಶ ಸೇರಿದರೆ, ತಿಂಗಳುಗಟ್ಟಲೆ ಹೀಗೆ ಮಾಡಿದವರಲ್ಲಿ ನ್ಯುಮೋನಿಯಾ ಬರಬಹುದು.

ಆಪರೇಷನ್ ಇಲ್ದ ಬಿಲ್ಲೆ ಹಾಕ್ತಾರಂತ?

ಹೌದು, ಸೆಪ್ಟಲ್ ಬಟನ್ ಎಂಬ ಸಿಲಿಕೋನ್ ಸಾಧನ. ಎರಡು ಮೆತ್ತನೆಯ ಬಿಲ್ಲೆಗಳು, ನಡುವೆ ಸಣ್ಣ ಕಂಬ. ಒಂದು ಬಿಲ್ಲೆಯನ್ನು ಮಡಚಿ ತೂತಿನಿಂದ ಆಚೆ ತೂರಿಸಿದರೆ ಎರಡೂ ಬದಿಗೆ ಕಚ್ಚಿಕೊಂಡು ಕೂರುತ್ತದೆ. ಮರಗಟ್ಟಿಸುವ ಔಷಧ ಹಾಕಿ ಓಪಿಡಿಯಲ್ಲೇ ಹಾಕಬಹುದು. ಸೀಟಿ, ರಕ್ತ ಚೆನ್ನಾಗಿ ಕಡಿಮೆಯಾಗುತ್ತವೆ, ಹಕ್ಕಳೆ ಪೂರ್ತಿ ನಿಲ್ಲುವುದಿಲ್ಲ. ತೊಳೆಯುತ್ತಲೇ ಇರಬೇಕು, ಕಾಲಕಾಲಕ್ಕೆ ಬದಲಿಸಬೇಕು. ಕೆಲವರಿಗೆ ಒಗ್ಗುವುದಿಲ್ಲ, ತೆಗೆಸುತ್ತಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ, ಒಳಗಿನ ರೋಗ ಇನ್ನೂ ತಣ್ಣಗಾಗದವರಿಗೆ ಇದು ಒಳ್ಳೆಯ ದಾರಿ. ಆಪರೇಷನ್ ಬೇಡವಾದರೆ ಇದನ್ನು ಕೇಳಿ ನೋಡಿ, ಯಾರೂ ತಾವಾಗಿ ಹೇಳದೇ ಇರಬಹುದು.

ಆಪರೇಷನ್‌ನ್ಯಾಗ ಏನ್ ಮಾಡ್ತಾರ? ಸುಮ್ನ ಹೊಲದ್ರ ಆಗಂಗಿಲ್ಲಾ?

ಅಂಚನ್ನು ಎಳೆದು ಹೊಲಿದರೆ ನಿಲ್ಲುವುದಿಲ್ಲ. ಆ ಗೋಡೆ ಹಿಗ್ಗುವ ಚರ್ಮವಲ್ಲ. ನಮ್ಮ ಕಡೆ ಕೌದಿ ಹೊಲಿಯುವುದನ್ನು ನೀವು ನೋಡಿದ್ದೀರಿ: ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಹಳೆ ಬಟ್ಟೆಯ ತುಂಬು. ತೂತು ಮುಚ್ಚುವುದೂ ಹಾಗೇ ಮೂರು ಪದರದ ಕೆಲಸ.

ಮೊದಲು ತೂತಿನ ಸುತ್ತ ಎರಡೂ ಬದಿಯ ಪೊರೆಯನ್ನು ಎಲುಬಿನಿಂದ ಹುಷಾರಾಗಿ ಬಿಡಿಸಬೇಕು. ಆಪರೇಷನ್‌ನಲ್ಲಿ ಕಷ್ಟದ ಹೊತ್ತು ಇದೇ. ತೂತಿನ ಅಂಚಿನಲ್ಲಿ ಎಡಬಲದ ಪೊರೆಗಳು ನಡುವೆ ಎಲುಬೇ ಇಲ್ಲದೆ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಅವನ್ನು ಹರಿಯದಂತೆ ಬೇರ್ಪಡಿಸಬೇಕು. ಆತುರಪಟ್ಟರೆ ಸಣ್ಣ ತೂತು ಅಲ್ಲೇ ದೊಡ್ಡದಾಗುತ್ತದೆ. ಆಮೇಲೆ ಮೂಗಿನ ನೆಲದ ಕಡೆಯಿಂದ, ಕೆಲವೊಮ್ಮೆ ಚಾವಣಿಯ ಕಡೆಯಿಂದಲೂ ಪೊರೆಯನ್ನು ಸಡಿಲಿಸಿ, ರಕ್ತ ಸಂಪರ್ಕ ಕಡಿಯದಂತೆ ತೂತಿನ ಮೇಲಕ್ಕೆ ಸರಿಸಿ, ಎಳೆತ ಇಲ್ಲದೆ ಹೊಲಿಯುತ್ತಾರೆ. ಎಳೆತ ಇದ್ದರೆ ಹೊಲಿಗೆ ಬಿಟ್ಟೇ ಬಿಡುತ್ತದೆ. ನಡುವೆ ತುಂಬುವುದು ನಿಮ್ಮದೇ ಮೈಯ ತುಣುಕು: ಕಿವಿಯ ಮೇಲಿನ ಸ್ನಾಯುವಿನ ತೆಳ್ಳನೆಯ ಪೊರೆ ಅಥವಾ ಕಿವಿಯ ಮೃದು ಎಲುಬು. ಕಿವಿ ಪರದೆಯ ಆಪರೇಷನ್ ಮಾಡಿಸಿಕೊಂಡವರು ನಿಮ್ಮ ಓಣಿಯಲ್ಲೇ ಇರಬಹುದು, ಅವರಿಗೆ ತೆಗೆಯುವ ಪೊರೆಯೂ ಅದೇ.

ಒಂದೇ ಬದಿಯ ಪೊರೆ ತಿರುಗಿಸಿ ಮುಚ್ಚುವ ವಿಧಾನಗಳೂ ಇವೆ. ಮೂಗಿನ ಮೇಲ್ಭಾಗದ ಆಂಟೀರಿಯರ್ ಎಥ್ಮಾಯ್ಡ್ ರಕ್ತನಾಳವನ್ನು ನಂಬಿದ ಪೊರೆಯ ಪಟ್ಟಿಯನ್ನು ತಂದು ಕೂರಿಸುವುದು ಅದರಲ್ಲೊಂದು, ದುರ್ಬೀನಿನಿಂದಲೇ ಆಗುತ್ತದೆ. ತೀರಾ ದೊಡ್ಡ ತೂತಿಗೆ ಕೆನ್ನೆಯ ಒಳಭಾಗದಿಂದ ಅಥವಾ ತಲೆಬುರುಡೆಯ ಮೇಲಿನ ಪೊರೆಯಿಂದ ಪಟ್ಟಿ ತರುತ್ತಾರೆ. ದಾರಿಯೂ ಎರಡು ಬಗೆ: ಹೊಳ್ಳೆಯ ಒಳಗಿನಿಂದ, ಇಲ್ಲವೇ ಎರಡು ಹೊಳ್ಳೆಯ ನಡುವಿನ ಕಂಬದಲ್ಲಿ ಸಣ್ಣ ಗೀರು ಹಾಕಿ ಮೂಗಿನ ತುದಿ ಮೇಲೆತ್ತಿ. ಎರಡನೆಯದರ ಕಲೆ ಸಾಮಾನ್ಯವಾಗಿ ಹುಡುಕಿದರಷ್ಟೇ ಕಾಣುತ್ತದೆ.

ಕೊನೆಗೆ ಎರಡೂ ಬದಿಗೆ ತೆಳ್ಳನೆಯ ಸಿಲಿಕೋನ್ ಹಾಳೆ ಇಟ್ಟು, ಆರಪಾರ ಒಂದು ಹೊಲಿಗೆ ಹಾಕುತ್ತಾರೆ.

ಪಕ್ಕಾ ಮುಚ್ಚತದೇನ್ರಿ?

ಯಾರಾದರೂ ‘ನೂರಕ್ಕೆ ನೂರು’ ಎಂದರೆ ಇನ್ನೊಬ್ಬರನ್ನು ಕೇಳಿ. ಒಂದು ಸೆಂಟಿಮೀಟರ್‌ಗಿಂತ ಸಣ್ಣದು ಚೆನ್ನಾಗಿ ಮುಚ್ಚುತ್ತದೆ, ಎರಡು ಸೆಂಟಿಮೀಟರ್ ದಾಟಿದ್ದು ಕಷ್ಟ. ಅಳತೆಯಲ್ಲೂ ಹಿಂದುಮುಂದಿನ ಉದ್ದಕ್ಕಿಂತ ಮೇಲೆಕೆಳಗಿನ ಎತ್ತರ ಮುಖ್ಯ, ಏಕೆಂದರೆ ಪೊರೆಯನ್ನು ಸರಿಸಿ ತರುವುದು ಮೇಲಿನಿಂದ, ಕೆಳಗಿನಿಂದ. ಸುತ್ತ ಎಲುಬು ಎಷ್ಟು ಉಳಿದಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮೊದಲ ಪ್ರಯತ್ನಕ್ಕೆ ಇರುವ ಅವಕಾಶ ಎರಡನೆಯದಕ್ಕೆ ಇರುವುದಿಲ್ಲ, ಒಳಗೆ ಕಲೆಗಟ್ಟಿ ಪೊರೆ ಬಿಡಿಸುವುದೇ ಕಷ್ಟವಾಗುತ್ತದೆ. ಹಾಗಾಗಿ ಈ ಆಪರೇಷನ್ ಮಾಡಿ ರೂಢಿ ಇರುವವರ ಕೈಯಲ್ಲೇ ಮೊದಲ ಸಲ ಮಾಡಿಸಿ. ‘ಇಂಥವು ಎಷ್ಟು ಮಾಡೀರಿ ಸರ್?’ ಎಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಒಳ್ಳೆಯ ಸರ್ಜನ್ ನೇರವಾಗಿ ಹೇಳುತ್ತಾರೆ, ಬೇಕಾದರೆ ತಾವೇ ಬೇರೆಯವರ ಹತ್ತಿರ ಕಳಿಸುತ್ತಾರೆ.

ಪೂರ್ತಿ ಮುಚ್ಚದೆ ಹಿಂದೆ ಸರಿದು ಸಣ್ಣದಾಗಿ ಉಳಿದರೂ ಕೆಲವರಿಗೆ ರಕ್ತ, ಹಕ್ಕಳೆ ನಿಲ್ಲುತ್ತವೆ. ಇನ್ನು ಕೆಲವು ದೊಡ್ಡ ತೂತುಗಳನ್ನು ಮುಚ್ಚುವ ಬದಲು ಹಿಂದಿನ ಅಂಚನ್ನು ಸವರಿ ಬೇಕೆಂದೇ ಹಿಗ್ಗಿಸುತ್ತಾರೆ. ಕೇಳಿದರೆ ವಿಚಿತ್ರ ಅನಿಸುತ್ತದೆ, ಆದರೆ ಗಾಳಿ ಬಡಿಯುವ ಒಣ ಅಂಚೇ ಹೋದರೆ ಆರಾಮ ಸಿಗುತ್ತದೆ.

ಈಗಲೇ ಮಾಡಿಸಬಹುದಾ, ಕಾಯಬೇಕಾ?

ಹಿಂದಿನ ಆಪರೇಷನ್‌ನಿಂದ ಬಿದ್ದದ್ದಾದರೆ ಆರು ತಿಂಗಳಾದರೂ ಬಿಡಿ, ಗಾಯ ಮೆತ್ತಗಾಗಲಿ. ವೆಗೆನರ್ಸ್‌ನಂಥ ಕಾಯಿಲೆಯಾದರೆ ಅದು ತಣ್ಣಗಾಗಿ ಆರು ತಿಂಗಳಿಂದ ವರ್ಷ ಕಳೆಯಬೇಕು. ಕ್ಷಯ, ಕುಷ್ಠ ಇದ್ದರೆ ಔಷಧದ ಕೋರ್ಸ್ ಮೊದಲು. ಸಕ್ಕರೆ ಹತೋಟಿಯಲ್ಲಿರಬೇಕು. ಬೀಡಿ, ಸಿಗರೇಟು ಬಿಟ್ಟಿರಬೇಕು, ಹೊಗೆ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಹೊಲಿದ ಪೊರೆಯನ್ನು ಸಾಯಿಸುತ್ತದೆ. ಬೆರಳು ಹಾಕುವ ರೂಢಿ ಇನ್ನೂ ಇದ್ದರೆ ನಾನು ದಿನಾಂಕ ಕೊಡುವುದಿಲ್ಲ. ರಕ್ತ ತೆಳ್ಳಗಾಗುವ ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿ.

ಪೂರ್ತಿ ಭೂಲ್ ಕೊಡ್ತಾರೇನ್ರಿ? ಎಷ್ಟ್ ದಿನ ದವಾಖಾನ್ಯಾಗ?

ಹೌದು, ಪೂರ್ತಿ ಎಚ್ಚರ ತಪ್ಪಿಸುತ್ತಾರೆ. ಎರಡರಿಂದ ನಾಲ್ಕು ತಾಸು ಹಿಡಿಯಬಹುದು. ಸಾಮಾನ್ಯವಾಗಿ ಒಂದೆರಡು ದಿನ ಇಟ್ಟುಕೊಳ್ಳುತ್ತಾರೆ. ನೋವು ತಡೆಯುವಂಥದ್ದು. ಹೆಚ್ಚು ಬೇಸರ ತರುವುದು ಬಾಯಿಂದ ಉಸಿರಾಡುವುದು ಮತ್ತು ಗಂಟಲು ಒಣಗುವುದು. ಮೇಲಿನ ಮುಂದಿನ ಹಲ್ಲು ಕೆಲವು ವಾರ ಜೋಮು ಹಿಡಿದಂತಿರಬಹುದು, ಗಾಬರಿ ಬೇಡ.

ಮನೀಗ್ ಹೋದ್ ಮ್ಯಾಲೆ ಏನೇನ್ ಪಥ್ಯ?

ಊಟದ ಪಥ್ಯ ಏನಿಲ್ಲ. ರೊಟ್ಟಿ, ಪಲ್ಯ, ಮೊಸರು ಎಲ್ಲ ತಿನ್ನಿ. ಮೊದಲ ಕೆಲವು ದಿನ ತೀರಾ ಬಿಸಿ, ತೀರಾ ಖಾರ ಬೇಡ, ಮೂಗು ಸುರಿಯುತ್ತದೆ. ಪಥ್ಯ ಇರುವುದು ಮೂಗಿಗೆ. ಸಿಂಬಳವನ್ನು ಜೋರಾಗಿ ಊದಿ ತೆಗೆಯಬಾರದು, ಕನಿಷ್ಠ ಮೂರು-ನಾಲ್ಕು ವಾರ. ಸೀನು ಬಂದರೆ ಬಾಯಿ ತೆರೆದು ಸೀನಿ, ಮೂಗು ಹಿಡಿದು ತಡೆಯಬೇಡಿ. ತಲೆ ಎತ್ತರಕ್ಕಿಟ್ಟು ಮಲಗಿ. ಬಗ್ಗಿ ಕೊಡ ಎತ್ತುವುದು, ಚೀಲ ಹೊರುವುದು, ಮಲವಿಸರ್ಜನೆಗೆ ತಿಣುಕುವುದು ಬೇಡ. ಉಪ್ಪುನೀರಿನ ಹನಿ ದಿನಕ್ಕೆ ಹಲವು ಸಲ.

ಸಿಲಿಕೋನ್ ಹಾಳೆಗಳು ಎರಡು-ಮೂರು ವಾರ, ಕೆಲವರಿಗೆ ಇನ್ನೂ ಹೆಚ್ಚು ಇರುತ್ತವೆ. ಅಷ್ಟರಲ್ಲಿ ವಾಸನೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ‘ಇವತ್ತ ತಗದ್ಬಿಡ್ರಿ’ ಎಂದು ಫೋನ್ ಬರುತ್ತದೆ. ತಡೆಯಿರಿ. ಅವುಗಳ ಕೆಳಗೆ ಹೊಸ ಪೊರೆ ಒದ್ದೆಯಾಗಿ, ಯಾರೂ ಮುಟ್ಟದೆ ಬೆಳೆಯುತ್ತಿರುತ್ತದೆ. ತೆಗೆಯುವ ದಿನ ಮುಂದಿನ ಒಂದು ಹೊಲಿಗೆ ಕತ್ತರಿಸಿ, ಚಿಮಟದಿಂದ ಹಿಡಿದು ಎಳೆದರೆ ಸಿಂಬಳ ಮೆತ್ತಿದ ಹಾಳೆ ಜಾರಿ ಬರುತ್ತದೆ. ಕ್ಷಣದ ಕೆಲಸ. ಹಲವರು ಆಗ ಎರಡೂ ಹೊಳ್ಳೆಯಿಂದ ಉದ್ದ ಉಸಿರು ಎಳೆದು ಸುಮ್ಮನೆ ಕೂತುಬಿಡುತ್ತಾರೆ.

ಕೆಲಸಕ್ಕ ಯಾವಾಗ?

ಕುಳಿತು ಮಾಡುವ ಕೆಲಸಕ್ಕೆ ಎರಡು ವಾರ. ಹೊಲ, ಗಾರೆ, ಹಮಾಲಿ, ಪ್ಲೇಟಿಂಗ್ ಕೆಲಸಕ್ಕೆ ಆರು ವಾರವಾದರೂ ಬೇಕು, ಆಮೇಲೂ ಮಾಸ್ಕ್ ಬೇಕು.

ಮೂಗು ನಡುವೆ ಕುಸದೈತಿ. ಅದೂ ಸರಿ ಆಗ್ತದ?

ಗೋಡೆಯ ಆಧಾರ ಹೋದರೆ ದಿಂಡು ತಗ್ಗಾಗುತ್ತದೆ. ಪಕ್ಕೆಲುಬಿನ ಅಥವಾ ಕಿವಿಯ ಮೃದು ಎಲುಬಿನಿಂದ ಅದನ್ನು ಎತ್ತಬಹುದು. ಕೆಲವೊಮ್ಮೆ ಒಟ್ಟಿಗೆ, ಕೆಲವೊಮ್ಮೆ ಎರಡನೇ ಹಂತದಲ್ಲಿ. ತೂತು ಮುಚ್ಚಿದ ಮಾತ್ರಕ್ಕೆ ಮೂಗಿನ ಆಕಾರ ಏಳುವುದಿಲ್ಲ, ಈ ನಿರೀಕ್ಷೆಯನ್ನು ಮೊದಲೇ ಮಾತಾಡಿಕೊಳ್ಳಿ.

ಸಣ್ಣ ಹುಡುಗನ ಮೂಗಿನ್ಯಾಗ ಸೆಲ್ ಸಿಕ್ಕಿತ್ತು, ತಗದೀವಿ. ಇನ್ನೇನ್ ಚಿಂತಿ ಇಲ್ಲಲ್ಲ?

ಇದೆ. ಆಟಿಕೆ, ರಿಮೋಟಿನ ಗುಂಡಿ ಸೆಲ್ ಮೂಗಿನ ತೇವಕ್ಕೆ ತಾಗಿದರೆ ಕ್ಷಾರ ಹುಟ್ಟಿ ಕೆಲವೇ ತಾಸಿನಲ್ಲಿ ಗೋಡೆ ಸುಡುತ್ತದೆ. ಕಡಲೆ, ಮಣಿ ಸಿಕ್ಕಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ರಾತ್ರಿಯಾದರೂ ಓಡಿ. ತೆಗೆದ ಮೇಲೂ ವಾರಕ್ಕೊಮ್ಮೆ ತೋರಿಸಿ, ತೂತು ಆಮೇಲೆ ಬೀಳಬಹುದು. ಬಿದ್ದರೂ ಮಕ್ಕಳಲ್ಲಿ ಮೂಗು ಇನ್ನೂ ಬೆಳೆಯುತ್ತಿರುವುದರಿಂದ ಸಾಧ್ಯವಾದಷ್ಟು ಕಾಯುತ್ತೇವೆ.

ಎಲ್ಲಿ ಹೋಗೋಣ? ರೊಕ್ಕ ಎಷ್ಟ್ ಆಗಬಹುದು?

ಮೊದಲ ತಪಾಸಣೆಗೆ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗದ ಜಿಮ್ಸ್, ಹಾವೇರಿಯ ವೈದ್ಯಕೀಯ ಕಾಲೇಜು, ಎಲ್ಲ ಕಡೆ ಇಎನ್‌ಟಿ ವಿಭಾಗವಿದೆ. ಆಪರೇಷನ್ ಎಲ್ಲಿ ಎಂಬುದನ್ನು ತೂತಿನ ಅಳತೆ ನೋಡಿ ಅವರೇ ಹೇಳಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ 30ರಂತೆ 1.5 ಲಕ್ಷದವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ನಿಮಗೆ ಹೇಳಿದ ವಿಧಾನ ಯಾವ ಪ್ಯಾಕೇಜಿನಲ್ಲಿ ಬರುತ್ತದೆ ಎಂದು ಅಡ್ಮಿಟ್ ಆಗುವ ಮೊದಲೇ ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ ಬರೆಸಿಕೊಳ್ಳಿ. ರೇಷನ್ ಕಾರ್ಡು, ಆಧಾರ್, ಹಳೆಯ ಡಿಸ್ಚಾರ್ಜ್ ಕಾರ್ಡು, ಬಯಾಪ್ಸಿ ವರದಿ ಒಂದೇ ಫೈಲಿನಲ್ಲಿರಲಿ.

ಆಪರೇಷನ್ ಆದ್ ಮ್ಯಾಲೆ ಯಾವಾಗ ಓಡಿ ಬರಬೇಕು?

ಮೂಗಿನ ಮೆತ್ತನೆಯ ಭಾಗವನ್ನು ಹತ್ತು-ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿದು, ಮುಂದಕ್ಕೆ ಬಗ್ಗಿ ಕೂತರೂ ರಕ್ತ ನಿಲ್ಲದಿದ್ದರೆ. ಗಂಟಲಿನಿಂದ ತಾಜಾ ರಕ್ತ ಇಳಿಯುತ್ತಲೇ ಇದ್ದರೆ. ಚಳಿ ಜ್ವರ, ಮೂಗಿನ ಮೇಲೆ ಕೆಂಪು ಬಾವು, ಕಣ್ಣು ಊದುವುದು, ತಡೆಯಲಾಗದ ತಲೆನೋವು ಬಂದರೆ. ಸಿಲಿಕೋನ್ ಹಾಳೆ ಜಾರಿ ಹೊರಗೆ ಅಥವಾ ಗಂಟಲಿಗೆ ಬಂದರೆ ಎಳೆಯಬೇಡಿ, ಒಳಗೂ ತಳ್ಳಬೇಡಿ. ಹಾಗೇ ಬನ್ನಿ.